ಪರೀಕ್ಷೆಗೆ ಕಿವಿಗೊಟ್ಟ ಮೆತ್ವಲಿ

ಬೆಳಗಿನ ಐದೂವರೆ. ಗ್ರೀಕ್ ದೇಶದ ಮಿಖಾನ್ಯೋನಾ ಬಂದರಿನ ಐಸ್ ಫ್ಯಾಕ್ಟರಿಯ ಮುಂದೆ ಆರು ಬೋಟುಗಳು ಸಾಲುಗಟ್ಟಿವೆ. ಅಕ್ಟೋಬರ್ ಮೊದಲ ವಾರ. ನಾಲ್ಕು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಕಡಲು ಮತ್ತೆ ತೆರೆದಿದೆ, ಎಲ್ಲರಿಗೂ ಅವಸರ. ರಬ್ಬರ್ ಬೂಟು ತೊಟ್ಟು, ಉಣ್ಣೆಯ ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡ ಸಣಕಲು ಮೈಯ ಗಂಡಸೊಬ್ಬರು ದಪ್ಪ ಕೊಳವೆಯೊಂದನ್ನು ಹೆಗಲ ಮೇಲಿಟ್ಟುಕೊಂಡು ಪುಡಿ ಮಂಜುಗಡ್ಡೆಯನ್ನು ಬೋಟಿನ ಹೊಟ್ಟೆಗೆ ಸುರಿಯುತ್ತಿದ್ದಾರೆ. ಬೋಟಿನ ಮೇಲಿನಿಂದ ಯಾರೂ ಅವರನ್ನು ಕೂಗಿ ಕರೆಯುವುದಿಲ್ಲ. ಎರಡು ಬೆರಳು ಎತ್ತಿದರೆ ಎರಡು ಟನ್. ಮುಷ್ಟಿ ಬಿಗಿದರೆ ಸ್ವಲ್ಪ ನಿಲ್ಲಿಸು. ಕತ್ತಿನ ಮಟ್ಟಕ್ಕೆ ಕೈ ಹಿಡಿದರೆ ತುಂಬಿತು, ಸಾಕು.

ನೀಲಿ ಬಣ್ಣದ ‘ಎವ್ದೊಕಿಯಾ’ ಬಂದು ದಡಕ್ಕೆ ತಾಗಿದಾಗ ಮಾತ್ರ ಆ ಮನುಷ್ಯ ಕೊಳವೆಯನ್ನು ಪಕ್ಕಕ್ಕಿಟ್ಟು, ಕೈಗವಸು ಕಳಚಿ, ಬೋಟಿನ ಮೈಗೆ ಅಂಗೈ ಒತ್ತಿ ನಿಲ್ಲುತ್ತಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಎಂಜಿನ್ ಇನ್ನೂ ಓಡುತ್ತಿದೆ.

“ಎರಡನೇ ಸಿಲಿಂಡರ್ ಉಸಿರು ಹಿಡೀತಿದೆ ಕಣೋ ಅತಿಯಾ. ನಾಜಲ್ ಬಿಚ್ಚಿ ನೋಡು,” ಎನ್ನುತ್ತಾರೆ, ಬೇಕಾದ್ದಕ್ಕಿಂತ ಜೋರಾಗಿ.

ಡೆಕ್ಕಿನ ಮೇಲಿದ್ದ ಅತಿಯಾ ಕೈಯೆತ್ತಿ ಸಲಾಮು ಹೊಡೆಯುತ್ತಾನೆ. “ಆಗಲಿ ಮಂತ್ರಿಗಳೇ! ಅಪ್ಪಣೆ!” ಮೇಲೆ ಗಾಜಿನ ಕೋಣೆಯೊಳಗಿರುವ ಕಪ್ತಾನ ಈ ಕಡೆ ನೋಡುವುದಿಲ್ಲ.

ಇವರು ಮೆತ್ವಲಿ ಅಲ್-ಬುರ್ಲುಸಿ. ವಯಸ್ಸು ನಲವತ್ತೊಂಬತ್ತು. ಹೋದ ಮೇ ತಿಂಗಳ ಕೊನೆಯವರೆಗೆ ಹನ್ನೊಂದು ವರ್ಷ ಇದೇ ಎವ್ದೊಕಿಯಾದ ಎಂಜಿನ್ ಕೋಣೆಯಲ್ಲಿದ್ದವರು. ಈಗ ದಡಕ್ಕೆ ಬಿದ್ದಿದ್ದಾರೆ. ಕಡಲು ಅವರನ್ನು ಎಸೆದದ್ದಲ್ಲ, ಮೈಯಲ್ಲಿ ಕಸುವೂ ಕುಂದಿಲ್ಲ. ಈ ದೇಶದ ಪ್ರಜೆಯಾಗುವ ಆಸೆಯಿಂದ ಬರೆದ ಒಂದು ಪರೀಕ್ಷೆ ಅವರನ್ನು ಇಲ್ಲಿಗೆ ತಂದು ನಿಲ್ಲಿಸಿದೆ.

ಮೆತ್ವಲಿ ಹುಟ್ಟಿದ್ದು ದಮಿಯತ್ತಾದ ಹತ್ತಿರ, ನೈಲ್ ನದಿ ಕಡಲು ಸೇರುವ ಮೂಲೆಯ ಎಜ್ಬೆತ್ ಅಲ್-ಬುರ್ಜ್‌ನಲ್ಲಿ. ಮಿಖಾನ್ಯೋನಾದ ಬೋಟುಗಳಲ್ಲಿ ಬಲೆ ಎಳೆಯುವವರಲ್ಲಿ ಬಹುಪಾಲು ಜನ ಆ ಊರಿನ ಕಡೆಯವರೇ. ಹದಿನೆಂಟು ವರ್ಷದ ಹಿಂದೆ ಅವರೂ ಹಾಗೇ ಬಂದರು. ಮೊದಲ ಏಳು ವರ್ಷ ಡೆಕ್ಕಿನ ಮೇಲೆ ಸಿಗಡಿ, ಬೊಂಡಾಸ್, ಬಂಗುಡೆ ಬೇರ್ಪಡಿಸುವ ಕೆಲಸ. ಕೈಚಳಕ ಕಂಡ ಕಪ್ತಾನ ಸ್ತೆರ್ಯೊಸ್ ಎಂಜಿನ್ ಕೋಣೆಗೆ ಇಳಿಸಿದ. ಆಳು ನೆಟ್ಟಗೆ ನಿಲ್ಲಲಾಗದ, ಎರಡು ಮಂಚ ಹಿಡಿಸುವಷ್ಟು ಜಾಗ. ಹೊರಗೆ ಹಿಮಗಾಳಿ ಬೀಸುವಾಗಲೂ ಒಳಗೆ ನಲವತ್ತು ಡಿಗ್ರಿ. ದಿನಕ್ಕೆ ಮೂರು ಸಲ ಬಲೆ ಇಳಿಸಿ ಎಳೆದರೆ ಹದಿನಾಲ್ಕು ಗಂಟೆ ಎಂಜಿನ್ ಆರುವುದಿಲ್ಲ. ವರ್ಷದಲ್ಲಿ ಎಂಟು ತಿಂಗಳು ಹೀಗೆ ಕಡಲಲ್ಲಿ, ಉಳಿದ ನಾಲ್ಕು ತಿಂಗಳು ದಡದಲ್ಲಿ ಅದೇ ಎಂಜಿನ್ನನ್ನು ಬಿಚ್ಚಿ, ತೊಳೆದು, ಜೋಡಿಸುವುದು.

“ಕಿವಿಗೆ ಮುಚ್ಚಳ ಕೊಟ್ಟಿದ್ರು. ಇಲ್ಲ ಅಂತ ಹೇಳಲ್ಲ,” ಎನ್ನುತ್ತಾರೆ ಮೆತ್ವಲಿ. “ಹಾಕ್ಕೊಂಡ್ರೆ ಬೆಲ್ಟ್ ಜಾರೋ ಸದ್ದು ಕೇಳ್ತಿರಲಿಲ್ಲ. ಬೆಲ್ಟ್ ಕಡಿದ್ರೆ ಹತ್ತು ಜನ ನಡುಗಡಲಲ್ಲಿ ನಿಂತ್ವಿ. ಅದಕ್ಕೇ ತೆಗೆದಿಟ್ಟೆ. ಆ ಹತ್ತು ಜನದ ಕಿವಿ ನಾನೊಬ್ಬನೇ ಆಗಿದ್ದೆ.”

ಐದು ವರ್ಷದ ಹಿಂದಿನ ಜನವರಿಯಲ್ಲಿ ಊರಿನಲ್ಲಿ ಅವರ ತಾಯಿ ತೀರಿಕೊಂಡರು. ಆಗ ಮೆತ್ವಲಿಯ ವಾಸದ ಪರವಾನಗಿ ನವೀಕರಣಕ್ಕೆಂದು ಕಚೇರಿಯಲ್ಲಿತ್ತು. ಕೈಯಲ್ಲಿದ್ದದ್ದು ‘ಅರ್ಜಿ ತಲುಪಿದೆ’ ಎಂಬ ಒಂದು ಚೀಟಿ ಮಾತ್ರ. ಆ ಚೀಟಿ ಹಿಡಿದು ದೇಶ ಬಿಟ್ಟು ಹೋಗಬಹುದಿತ್ತು, ತಿರುಗಿ ಒಳಗೆ ಬರುವಂತಿರಲಿಲ್ಲ. ಹೆಂಡತಿ ನಗಾತ್ ಮತ್ತು ಇಬ್ಬರು ಹೆಣ್ಣುಮಕ್ಕಳು ಇಲ್ಲಿದ್ದರು. ಮೆತ್ವಲಿ ಹೋಗಲಿಲ್ಲ. ಊರಿನಲ್ಲಿದ್ದ ತಮ್ಮನೊಬ್ಬ ಫೋನಿನಲ್ಲಿ ಮಣ್ಣು ಮಾಡುವುದನ್ನು ತೋರಿಸಿದ.

“ಚಿತ್ರ ಬರ್ತಿತ್ತು, ಸದ್ದು ಬರ್ತಿರಲಿಲ್ಲ. ಫೋನ್ ಕೆಟ್ಟಿದೆ ಅಂದ್ಕೊಂಡು ಕುಟ್ಟಿದೆ, ಒರೆಸಿದೆ. ಅಷ್ಟರಲ್ಲಿ ನೋಡ್ತೀನಿ, ಫೋನಿಗೆ ಬೆನ್ನು ಮಾಡಿ ಒಲೆ ಹತ್ರ ನಿಂತಿದ್ದ ನಗಾತ್ ‘ಆಮೀನ್’ ಅಂತ ಎರಡೂ ಕೈ ಎತ್ತಿದ್ಲು. ಅವಳಿಗೆ ಪ್ರಾರ್ಥನೆ ಕೇಳ್ತಿತ್ತು. ಫೋನು ನೆಟ್ಟಗಿತ್ತು.”

ಆ ದಿನ ಅವರಿಗೆ ಎರಡು ಸಂಗತಿ ತಿಳಿದವು. ಕಿವಿ ಹೋಗುತ್ತಿದೆ ಎನ್ನುವುದು ಒಂದು. ಅದನ್ನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಎಂಜಿನ್ ನೋಡುವವನಿಗೆ ಕಿವಿ ಕೇಳದು ಎಂದರೆ ಯಾವ ಕಪ್ತಾನ ಇಟ್ಟುಕೊಳ್ಳುತ್ತಾನೆ? ಇನ್ನೊಂದು, ಚೀಟಿ ಹಿಡಿದು ಬದುಕುವುದು ಇನ್ನು ಸಾಕು ಎನ್ನುವುದು. “ಹೋಗೋಕೆ ಯಾರ ಅಪ್ಪಣೆನೂ ಬೇಡ. ಹೋಗಿ ಬರೋಕೆ ಬೇಕು. ಅದಕ್ಕೇ ಈ ದೇಶದ ಪಾಸ್‌ಪೋರ್ಟ್ ಬೇಕು ಅನ್ನಿಸಿದ್ದು, ಬೇರೆ ಯಾವ ದೊಡ್ಡಸ್ತಿಕೆಗೂ ಅಲ್ಲ.”

ಪಾಸ್‌ಪೋರ್ಟಿನ ದಾರಿಯಲ್ಲಿ ಪರೀಕ್ಷೆ ಇದೆ. ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರಿನಲ್ಲಿ. ಇತಿಹಾಸ, ಭೂಗೋಳ, ಸಂಸ್ಕೃತಿ, ಸರ್ಕಾರದ ರೀತಿನೀತಿ. ಅದರ ಜೊತೆ ಗ್ರೀಕ್ ಭಾಷೆ: ಓದಬೇಕು, ಬರೆಯಬೇಕು, ಧ್ವನಿವರ್ಧಕದಲ್ಲಿ ಹಾಕುವ ಮಾತು ಕೇಳಿ ಉತ್ತರ ಗುರುತಿಸಬೇಕು. ಮೆತ್ವಲಿ ಊರಿನಲ್ಲಿ ಓದಿದ್ದು ಆರನೇ ಕ್ಲಾಸು. ಗ್ರೀಕ್ ಮಾತು ಡೆಕ್ಕಿನ ಮೇಲೆ ಬಂದಿತ್ತು, ಬೈಗುಳವೇ ಹೆಚ್ಚು. ಅಕ್ಷರ ಬಂದಿರಲಿಲ್ಲ.

ಅಕ್ಷರ ಕಲಿಸಿದವರು ಫೊತಿನಿಯಮ್ಮ. ಎಪ್ಪತ್ನಾಲ್ಕು ವರ್ಷ, ವಿಧವೆ, ಬಂದರಿನ ಹಿಂದಿನ ಶೆಡ್ಡಿನಲ್ಲಿ ಇವತ್ತಿಗೂ ಹರಿದ ಬಲೆ ಹೊಲಿಯುತ್ತಾರೆ. ಗಾಳಿ ಎದ್ದು ಬೋಟು ಕಟ್ಟಿಹಾಕಿದ ದಿನ ಬೇರೆಯವರು ಕಾಫಿ ಅಂಗಡಿಗೆ ಹೋದರೆ ಮೆತ್ವಲಿ ಆ ಶೆಡ್ಡಿಗೆ ಹೋಗಿ ಬಲೆಯ ಇನ್ನೊಂದು ತುದಿ ಹಿಡಿದು ಕೂರುತ್ತಿದ್ದರು. ಅಮ್ಮ ಪ್ರಶ್ನೆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ನಲವತ್ತು ವರ್ಷ ದಡದಿಂದ ಗಂಡನ ಬೋಟಿಗೆ ಕೂಗಿ ಕೂಗಿ ಪಳಗಿದ ಗಂಟಲಲ್ಲಿ ಪ್ರಶ್ನೆ ಎಸೆಯುತ್ತಿದ್ದರು. ಬಂದರಿನ ಆ ತುದಿಗೂ ಕೇಳುವಂಥ ಗಂಟಲು. ಹಾಗಾಗಿ ಮೆತ್ವಲಿಗೆ ಅಲ್ಲಿ ಒಂದು ಪ್ರಶ್ನೆಯೂ ತಪ್ಪಿಹೋಗಲಿಲ್ಲ.

“ದೇಶದೊಳಗೇ ಹುಟ್ಟಿ ದೇಶದೊಳಗೇ ಕಡಲು ಸೇರೋ ನದಿಗಳಲ್ಲಿ ಉದ್ದದ್ದು ಯಾವುದೋ?”

“ಅಲಿಯಾಕ್ಮೊನ್. ಅದರ ಕೆಸರು ದಿನಾ ನಮ್ಮ ಬಲೇಲಿ ಬರುತ್ತಲ್ಲಮ್ಮಾ.”

“ಕೆಸರಿನ ಮಾತು ಬರೀಬೇಡ. ನದಿ ಹೆಸರು ಮಾತ್ರ ಬರಿ. ಮಾರ್ಕು ಕೊಡೋರಿಗೆ ಮೀನಿನ ವಾಸನೆ ಆಗಲ್ಲ.”

ಫೊತಿನಿಯಮ್ಮನ ಅಜ್ಜಿ ನೂರು ವರ್ಷದ ಹಿಂದೆ ಮರ್ಮರಾ ಕಡಲಿನ ಆಚೆ ದಡದಿಂದ ಓಡಿಬಂದವರು. ಈ ಊರು ಕಟ್ಟಿದವರೇ ಹಾಗೆ ಬಂದ ಜನ. “ನಮ್ಮಜ್ಜಿ ಮೂಟೆ ಹೊತ್ಕೊಂಡು ದೋಣಿಯಿಂದ ಇಳಿದಾಗ ಯಾವನೂ ಪ್ರಶ್ನೆ ಕೇಳ್ಲಿಲ್ಲ,” ಎನ್ನುತ್ತಾರೆ ಅಮ್ಮ. “ಕೇಳಿದ್ರೆ ಫೇಲಾಗೋಳು. ಅವಳಿಗೆ ಹೆಸರು ಬರೆಯೋಕೂ ಬರ್ತಿರಲಿಲ್ಲ.”

ಎಂಜಿನ್ ಕೋಣೆಯ ಗೋಡೆಯ ತುಂಬ ಚೀಟಿಗಳು. ಗ್ರೀಸು ಸವರಿ ಅಂಟಿಸಿದ್ದು: ಇಸವಿಗಳು, ದ್ವೀಪಗಳು, ಸಂವಿಧಾನದ ಮಾತುಗಳು. ಊಟದ ಹೊತ್ತಿಗೆ ಅತಿಯಾ ಮತ್ತು ಉಳಿದವರು ರೇಗಿಸುತ್ತಿದ್ದರು. “ಮಂತ್ರಿಗಳು ಬಂದ್ರು, ಜಾಗ ಬಿಡ್ರೋ!” ಕಪ್ತಾನ ಸ್ತೆರ್ಯೊಸ್ ಒಮ್ಮೆ ಪುಸ್ತಕ ಕಿತ್ತುಕೊಂಡು ನೋಡಿದ. “ಸಂಸತ್ತಿನಲ್ಲಿ ಎಷ್ಟು ಜನ ಸದಸ್ಯರು ಅಂತೆ. ಬೇಕಾದ್ದಕ್ಕಿಂತ ಜಾಸ್ತಿ ಅಂತ ಬರಿ.” ಎಲ್ಲರೂ ನಕ್ಕರು. ಅದಾದ ಮೇಲೆ ಅತಿಯಾ ಅದೇ ಪುಸ್ತಕದಿಂದ ಐದು ಪ್ರಶ್ನೆ ಕೇಳಿದ, ಕಪ್ತಾನನಿಗೆ ಎರಡಕ್ಕೆ ಮಾತ್ರ ಉತ್ತರ ಬಂತು. 

ಮೊದಲ ಸಲ ಪರೀಕ್ಷೆಗೆ ಹೆಸರು ಕೊಟ್ಟಿದ್ದು ಹೋದ ವರ್ಷಕ್ಕೂ ಹಿಂದಿನ ನವೆಂಬರಿಗೆ. ಪರೀಕ್ಷೆಯ ಹಿಂದಿನ ದಿನ ಎವ್ದೊಕಿಯಾ ಲಿಮ್ನೊಸ್ ದ್ವೀಪದ ಹತ್ತಿರ ಬಲೆ ಎಳೆಯುತ್ತಿತ್ತು. ಉತ್ತರದ ಗಾಳಿ ಎದ್ದಿತು. ಎರಡು ದಿನ ಬೋಟು ದ್ವೀಪದ ಮರೆಯಲ್ಲಿ ಲಂಗರು ಹಾಕಿ ಕೂತಿತು. ಪರೀಕ್ಷೆ ಆರಂಭವಾದ ಗಳಿಗೆಯಲ್ಲಿ ಮೆತ್ವಲಿ ನೀರು ಹೊರಹಾಕುವ ಪಂಪಿನ ಪಕ್ಕ ಕೂತಿದ್ದರು. “ಮೇ ತಿಂಗಳಲ್ಲಿ ಬರೀವಂತೆ ಬಿಡು. ದೇಶ ಎಲ್ಲಿಗೂ ಓಡಿಹೋಗಲ್ಲ,” ಎಂದ ಕಪ್ತಾನ. ಅವನಾದರೂ ಏನು ಮಾಡಿಯಾನು, ಗಾಳಿ ಅವನ ಕೂಲಿಯಾಳಲ್ಲ.

ಮೇ ತಿಂಗಳು ಬಂತು. ಇತಿಹಾಸ, ಭೂಗೋಳ ಎಲ್ಲ ಮುಗಿಸಿ ಇನ್ನೂ ಹೊತ್ತು ಉಳಿದಿತ್ತು. ಆಮೇಲೆ ಧ್ವನಿವರ್ಧಕ ಹಾಕಿದರು. “ಪ್ರಶ್ನೆ ಓದಿ ಗೊತ್ತಾಯ್ತು, ಔಷಧಿ ಅಂಗಡಿ ಮಾತು ಅಂತ. ಆ ಹೆಂಗಸು ಏನು ಕೇಳಿದ್ಲು, ಅಂಗಡಿಯೋನು ಏನು ಕೊಟ್ಟ, ಒಂದೂ ತಿಳೀಲಿಲ್ಲ. ಗೋಡೆ ಆಚೆ ಕಡಲಕ್ಕಿ ಅತ್ತ ಹಾಗೆ. ಪಕ್ಕದ ಬೆಂಚಿನ ಜಾರ್ಜಿಯಾದೋಳು ಬರೀತಾನೇ ಇದ್ಲು. ನಾನು ಕಣ್ಣು ಮುಚ್ಕೊಂಡು ಗುರುತು ಹಾಕ್ದೆ.” ಆಗಸ್ಟಿನಲ್ಲಿ ಫಲಿತಾಂಶ. ಉಳಿದದ್ದೆಲ್ಲ ದಂಡಿಯಾಗಿ ಪಾಸು, ಕೇಳುವ ಭಾಗದಲ್ಲಿ ಫೇಲು.

ದೊಡ್ಡ ಮಗಳು ಶಾಹಿನಾಜ್‌ಗೆ ಆಗ ಹದಿನಾರು. ಗ್ರೀಕ್ ಶಾಲೆಯಲ್ಲಿ ಓದುವ ಹುಡುಗಿ. ಅಂಕಗಳ ಹಾಳೆಯನ್ನು ಎರಡು ಸಲ ಓದಿದಳು. ಅಪ್ಪ ಅಡುಗೆಮನೆಯಲ್ಲಿ ಆ ಕಡೆ ತಿರುಗಿ ಬೊಂಡಾಸ್ ತೊಳೆಯುತ್ತಿದ್ದರು. ಅವಳು ಹಿಂದೆ ಹೋಗಿ ನಿಂತು ಮೆಲ್ಲಗೆ ಹೇಳಿದಳು: “ಅಪ್ಪಾ, ಗ್ಯಾಸ್ ಸೋರ್ತಿದೆ.” ಅಪ್ಪ ತೊಳೆಯುತ್ತಲೇ ಇದ್ದರು. ಇನ್ನೊಮ್ಮೆ ಹೇಳಿದಳು, ಮೊದಲಿಗಿಂತ ಜೋರಾಗಿ. ಅಪ್ಪ ನಲ್ಲಿ ನಿಲ್ಲಿಸಿ ಚಾಕು ಒರೆಸಿಕೊಂಡರು. ಹುಡುಗಿ ಬಳಸಿಕೊಂಡು ಎದುರಿಗೆ ಬಂದಳು. ಮಗಳ ಕಣ್ಣಲ್ಲಿ ನೀರು ಕಂಡಾಗಲೇ ಅವರಿಗೆ ಏನೋ ನಡೆದಿದೆ ಎಂದು ಗೊತ್ತಾದದ್ದು.

“ಎಷ್ಟು ವರ್ಷದಿಂದ ಅಪ್ಪಾ?”

“ನಾಲ್ಕಾಯ್ತೇನೋ,” ಎಂದರು ಮೆತ್ವಲಿ. “ಅಮ್ಮಂಗೆ ಹೇಳಬೇಡ.”

ನಗಾತ್ ಬಾಗಿಲಲ್ಲೇ ಇದ್ದರು. “ಅಮ್ಮಂಗೆ ಮೊದಲೇ ಗೊತ್ತಿದೆ ಅಂತ ಹೇಳು ನಿಮ್ಮಪ್ಪಂಗೆ,” ಎಂದರು. ಅದೂ ಮೆತ್ವಲಿಗೆ ಕೇಳಲಿಲ್ಲ. ಶಾಹಿನಾಜ್ ತಿರುಗಿ ಹೇಳಬೇಕಾಯಿತು.

ಮಗಳು ಜೊತೆಯಲ್ಲಿ ಪಟ್ಟಣದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮೆಲುದನಿ, ಹೆಂಗಸರ ದನಿ, ಮಕ್ಕಳ ದನಿ ಹೋಗಿವೆ, ತಿರುಗಿ ಬರುವುದಿಲ್ಲ ಎಂದರು ಡಾಕ್ಟರು. ಕಿವಿಗೆ ಹಾಕುವ ಯಂತ್ರ ಮನೆಯಲ್ಲಿ ಸ್ವಲ್ಪ ಆದೀತು, ಎಂಜಿನ್ ಕೋಣೆಯಲ್ಲಿ ಅದನ್ನು ಹಾಕಿದರೆ ಉಳಿದದ್ದೂ ಹೋದೀತು. ಅದರ ಬೆಲೆ ಕೇಳಿದ ಮೇಲೆ ಮೆತ್ವಲಿ ಮತ್ತೆ ಆ ಮಾತೆತ್ತಲಿಲ್ಲ. ಡಾಕ್ಟರು ಒಂದು ಸಮಾಧಾನವನ್ನೂ ಹೇಳಿದರು: ಕಿವಿ ಕೇಳದವರಿಗೆ ಪರೀಕ್ಷೆಯಲ್ಲಿ ಬೇರೆ ಕೋಣೆ, ಬೇರೆ ವ್ಯವಸ್ಥೆ ಇದೆ. ಪ್ರಮಾಣಪತ್ರ ಬರೆದುಕೊಡುತ್ತೇನೆ.

“ಬರೆದ್ರೆ ಅದು ಎಲ್ಲೆಲ್ಲಿಗೆ ಹೋಗುತ್ತೆ ಡಾಕ್ಟ್ರೇ?”

“ದಾಖಲೆ ಅಂದ್ಮೇಲೆ ಎಲ್ಲ ಕಡೆಗೂ ಹೋಗುತ್ತೆ.”

“ಹಾಗಾದ್ರೆ ಬರೀಬೇಡಿ.”

ಕಡಲಿಗೆ ಇಳಿಯುವವರು ಪ್ರತಿ ಸೆಪ್ಟೆಂಬರಿನಲ್ಲಿ ಆರೋಗ್ಯದ ಕಾಗದ ಮಾಡಿಸಬೇಕು. ಕಿವುಡು ಎಂದು ಒಂದು ಕಡೆ ಬರೆದಿಟ್ಟು, ಇನ್ನೊಂದು ಕಡೆ ಸರಿಯಿದೆ ಎಂದು ಬರೆಸುವುದು ಹೇಗೆ? ಪರೀಕ್ಷೆ ಬೇಕೆಂದರೆ ಬೋಟು ಬಿಡಬೇಕು. ಬೋಟು ಬೇಕೆಂದರೆ ಕಿವಿ ಕೇಳುತ್ತದೆ ಎಂದೇ ಹೇಳುತ್ತಿರಬೇಕು. ಮೆತ್ವಲಿ ಬೋಟು ಹಿಡಿದರು. ಕೇಳದ ಕಿವಿಯಲ್ಲೇ ಇನ್ನೊಮ್ಮೆ ಪರೀಕ್ಷೆ ಬರೆಯುವುದು ಎಂದು ತೀರ್ಮಾನಿಸಿದರು.

ಶಾಹಿನಾಜ್ ಹಳೆಯ ಪರೀಕ್ಷೆಗಳ ನಲವತ್ತು ಸಂಭಾಷಣೆಗಳನ್ನು ತನ್ನ ಸ್ನೇಹಿತೆಯರಿಂದ ಹೇಳಿಸಿ ಫೋನಿಗೆ ತುಂಬಿದಳು. ಬಸ್ ನಿಲ್ದಾಣ, ಬಾಡಿಗೆ ಮನೆ, ಶಾಲೆಯ ಸಭೆ, ಆಸ್ಪತ್ರೆ. ಅಪ್ಪ ಫೋನಿಗೆ ಕಿವಿಯೊತ್ತಿ, ಮಾತು ಹಿಡಿಯಲಾಗದ ಕಡೆ ಊಹಿಸುವುದನ್ನು ಕಲಿತರು. ಔಷಧಿ ಅಂಗಡಿಯಾದರೆ ದಿನಕ್ಕೆಷ್ಟು ಸಲ ಎಂದು ಕೇಳಿಯೇ ಕೇಳುತ್ತಾರೆ. ಬಸ್ಸಾದರೆ ತಡವಾಗಿದೆ ಎಂದೇ ಇರುತ್ತದೆ. ಫೊತಿನಿಯಮ್ಮನನ್ನು, ಬೆನ್ನು ತಿರುಗಿಸಿ ಮೆತ್ತಗೆ ಪ್ರಶ್ನೆ ಕೇಳಿ ಎಂದು ಬೇಡಿಕೊಂಡರು. ಅಮ್ಮ ನಾಲ್ಕು ದಿನ ಪ್ರಯತ್ನಿಸಿ ಕೈಚೆಲ್ಲಿದರು. “ನಂಗೆ ಮೆತ್ತಗೆ ಮಾತಾಡೋಕೆ ಬರಲ್ಲ ಕಣೋ ಮಗಾ. ಗಂಡ ಸತ್ತಾಗ್ಲೂ ನಾನು ಮೆತ್ತಗೆ ಅಳಲಿಲ್ಲ.”

ಹೋದ ನವೆಂಬರಿನಲ್ಲಿ ಗಾಳಿ ಇರಲಿಲ್ಲ. ಮೆತ್ವಲಿ ಒಂದು ಗಂಟೆ ಮೊದಲೇ ಹೋಗಿ, ತನ್ನನ್ನು ಮುಂದಿನ ಬೆಂಚಿಗೆ ಹಾಕಿ ಎಂದು ಮೇಲ್ವಿಚಾರಕಿಯನ್ನು ಕೇಳಿಕೊಂಡರು. ಕಣ್ಣು ಮಂಜು ಎಂದರು. “ಕನ್ನಡಕ ಎಲ್ಲಿ?” ಎಂದಳು ಆಕೆ. “ಮನೇಲಿ ಮರೆತೆ.” ಆಕೆ ಮುಂದೆ ಕೂರಿಸಿದಳು. ಧ್ವನಿವರ್ಧಕ ಮೂರು ಮಾರು ದೂರದಲ್ಲಿತ್ತು. ಗುರುವಾರ ಎನ್ನುವ ಮಾತು ಕೇಳಿತು. ಅಣ್ಣ ಎಂದದ್ದು ಕೇಳಿತು. ಇಲ್ಲ, ಇಲ್ಲ ಎಂದು ಯಾರೋ ಎರಡು ಸಲ ಹೇಳಿದರು. ಹೊರಗೆ ಬಂದಾಗ ಮುಖ ಅರಳಿತ್ತು ಎಂದು ಶಾಹಿನಾಜ್ ಈಗಲೂ ನೆನೆಯುತ್ತಾಳೆ.

ಜನವರಿಯಲ್ಲಿ ಬಂದ ಹಾಳೆಯಲ್ಲಿ ಮತ್ತೆ ಫೇಲು. ಈ ಸಲ ಸ್ವಲ್ಪದರಲ್ಲಿ.

“ಅರ್ಧ ಕೇಳೋದು ಪೂರ್ತಿ ಕೇಳದೇ ಇರೋದಕ್ಕಿಂತ ಕೆಟ್ಟದ್ದು,” ಎನ್ನುತ್ತಾರೆ ಮೆತ್ವಲಿ. “ಸುಮ್ನೆ ಆಸೆ ಹುಟ್ಟಿಸುತ್ತೆ.”

ಒಂದು ವಾರ ಮೆತ್ವಲಿ, ನಗಾತ್ ಅವರೆಬೀಜ ಬೇಯಿಸಿ ಎದುರಿಗಿಟ್ಟರೆ ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದರು. ಎಂಟನೇ ದಿನ ಪಟ್ಟಣಕ್ಕೆ ಒಬ್ಬರೇ ಹೋಗಿ ಡಾಕ್ಟರಿಂದ ಪ್ರಮಾಣಪತ್ರ ಬರೆಸಿಕೊಂಡು ಬಂದರು. “ಯಾಕೆ ಶಾಹಿನಾಜ್ ಅಪ್ಪಾ, ಬೋಟು?” ಎಂದು ನಗಾತ್ ಎದುರಿಗೆ ನಿಂತು, ತುಟಿ ಕಾಣುವ ಹಾಗೆ ಕೇಳಿದರು. “ಬೋಟು ಹೇಗೂ ನನ್ನ ಬಿಡುತ್ತೆ,” ಎಂದರು ಅವರು. “ಇವತ್ತಲ್ಲ ನಾಳೆ. ಬರಿಗೈಲಿ ಇಳಿಯೋದಕ್ಕಿಂತ ಒಂದು ಕಾಗದ ಹಿಡ್ಕೊಂಡು ಇಳೀತೀನಿ.”

ಫೆಬ್ರವರಿಯ ಒಂದು ಗಾಳಿಯ ದಿನ, ಬೋಟುಗಳೆಲ್ಲ ಕಟ್ಟಿಹಾಕಿದ್ದಾಗ, ಮೆತ್ವಲಿ ಆ ಪ್ರಮಾಣಪತ್ರವನ್ನು ಕಪ್ತಾನ ಸ್ತೆರ್ಯೊಸನ ಕೈಗೆ ಕೊಟ್ಟರು. ಕಪ್ತಾನ ಓದಿದ. ಮಡಚಿದ. ತಿರುಗಿ ಬಿಚ್ಚಿ ಓದಿದ.

“ಎಂಜಿನ್ ಕೋಣೆ ಮೇಲೆ ನಿಂತು ನಾನು ಕಾಲು ಬಡೀತಿದ್ದೆನಲ್ಲ, ನಿನ್ನ ಕರೆಯೋಕೆ. ನಾಲ್ಕು ವರ್ಷದಿಂದ. ಯಾಕೆ ಅಂದ್ಕೊಂಡೆ? ಕುಣಿಯೋಕಾ?”

ಕಪ್ತಾನ ಕಾಗದವನ್ನು ತಿರುಗಿ ಮೆತ್ವಲಿಯ ಕೈಗೆ ತುರುಕಿದ.

“ಇದನ್ನ ತೋರಿಸದೇ ಇದ್ದಿದ್ರೆ ನಂಗೆ ಗೊತ್ತಿಲ್ಲ ಅಂತಲೇ ನಡೀತಿತ್ತು. ಈಗ ತೋರಿಸಿಬಿಟ್ಟೆಯಲ್ಲೋ. ನಾಳೆ ನಿಂಗೇನಾದ್ರೂ ಆದ್ರೆ ನನ್ನ ಹಿಡೀತಾರೆ. ಯಾಕೆ ತೋರಿಸ್ದೆ?”

“ಎರಡು ಸಲ ಸುಳ್ಳು ಹೇಳಿ ಪರೀಕ್ಷೆ ಬರೆದೆ ಕಪ್ತಾನ್. ಎರಡು ಸಲನೂ ಫೇಲಾದೆ.”

ಕಪ್ತಾನ ಕೆಟ್ಟವನಲ್ಲ. ಮೇ ಕೊನೆಯವರೆಗೆ ಇಟ್ಟುಕೊಂಡ. ಭಾವಮೈದುನನಿಗೆ ಹೇಳಿ ಐಸ್ ಫ್ಯಾಕ್ಟರಿಯಲ್ಲಿ ಕೆಲಸವನ್ನೂ ಕೊಡಿಸಿದ. ಆದರೆ ಅವತ್ತಿನಿಂದ ಮೆತ್ವಲಿಯ ಮುಖ ನೋಡಿ ಮಾತಾಡಿಲ್ಲ. ಕೇಳಿದರೆ, ಸಿಗರೇಟಿನ ಬೂದಿ ಕೊಡವುತ್ತಾ ಹೀಗೆನ್ನುತ್ತಾನೆ: “ಅವನ ಜಾಗಕ್ಕೆ ಅತಿಯಾ ಸೇರಿ ಇಬ್ಬರನ್ನ ಹಾಕಿದ್ದೀನಿ. ಇಬ್ಬರಿಗೂ ಕಿವಿ ಚೆನ್ನಾಗಿದೆ. ಎಂಜಿನ್ ಹೇಳೋದು ಮಾತ್ರ ಇಬ್ಬರಿಗೂ ಕೇಳಲ್ಲ.”

ಈ ವರ್ಷದ ಮೇ ತಿಂಗಳಲ್ಲಿ ಮೆತ್ವಲಿ ಮತ್ತೆ ಪರೀಕ್ಷೆಗೆ ಕೂತರು. ಚಿಕ್ಕ ಕೋಣೆ, ಉದ್ದ ಮೇಜು, ಎದುರಿಗೆ ಇಬ್ಬರು. ಕೇಳಬೇಕಾದ ಮಾತನ್ನೆಲ್ಲ ಅಚ್ಚು ಮಾಡಿ ಕೈಗೆ ಕೊಟ್ಟರು. ಒಬ್ಬ ಹೆಂಗಸು ಮತ್ತು ರೈಲು ಟಿಕೆಟ್ ಕೊಡುವವನ ಮಾತು. ಅವಳ ಮಗನಿಗೆ ಜ್ವರ, ಪ್ರಯಾಣ ಮುಂದೂಡಬೇಕು. ಇಷ್ಟೇ. ಇಷ್ಟು ಸಣ್ಣ ಮಾತಿಗೆ ಎರಡು ವರ್ಷ ಹೋಯಿತೇ ಎಂದು ಆ ಹಾಳೆ ನೋಡಿ ಅನ್ನಿಸಿತಂತೆ. ಎಲ್ಲ ಬರೆದು ಮುಗಿಸಿದಾಗ ಅರ್ಧ ಗಂಟೆ ಉಳಿದಿತ್ತು. ಎದುರಿಗಿದ್ದ ಹಿರಿಯರೊಬ್ಬರು ಒಂದು ಚೀಟಿಯಲ್ಲಿ ‘ಹೋಗಬಹುದು’ ಎಂದು ಬರೆದು ತೋರಿಸಿದರು. ಮೆತ್ವಲಿ ಕೊನೆಯವರೆಗೆ ಕೂತಿದ್ದು ಎದ್ದರು.

ಆಗಸ್ಟಿನಲ್ಲಿ ಫಲಿತಾಂಶ ಬಂತು. ಪಾಸು, ಒಳ್ಳೆಯ ಅಂಕದಲ್ಲಿ. ಫೊತಿನಿಯಮ್ಮ ಎಳ್ಳು ಹಚ್ಚಿದ, ಬಳೆಯಾಕಾರದ ಕುಲೂರಿ ರೊಟ್ಟಿಗಳ ಒಂದು ದೊಡ್ಡ ಸರವನ್ನೇ ತಂದು ಇಡೀ ಬಂದರಿಗೆ ಹಂಚಿದರು. ಅತಿಯಾ ಮೆತ್ವಲಿಯನ್ನು ಹೆಗಲ ಮೇಲೆ ಹೊತ್ತು ಕುಣಿಸಿದ.

ಸಂತೋಷ ಮೂರು ವಾರ ಇತ್ತು. ಪಾಸಾದವರು ಆಮೇಲೆ ಪೌರತ್ವಕ್ಕೆ ಅರ್ಜಿ ಹಾಕಬೇಕು. ಅರ್ಜಿಯ ಜೊತೆ ವರ್ಷವಿಡೀ ದುಡಿಮೆ ಇದೆ ಎಂದು ತೋರಿಸಬೇಕು. ಮೆತ್ವಲಿ ಮಗಳನ್ನು ಕರೆದುಕೊಂಡು ಹೋಗಿ ಪೌರತ್ವ ಕಚೇರಿಯ ಕಿಟಕಿಯ ಮುಂದೆ ನಿಂತರು. ಗುಮಾಸ್ತೆ ಕಾಗದಗಳನ್ನು ತಿರುವಿಹಾಕಿ, ಅವರನ್ನು ಬಿಟ್ಟು ಮಗಳ ಕಡೆ ತಿರುಗಿ ಮಾತಾಡಿದಳು. ಐಸ್ ಫ್ಯಾಕ್ಟರಿಯದು ಅರ್ಧ ದಿನದ ಕೆಲಸ, ಅದೂ ವರ್ಷಕ್ಕೆ ಎಂಟು ತಿಂಗಳು. “ಇಷ್ಟಕ್ಕೆ ಆಗಲ್ಲಮ್ಮಾ. ಹಾಕಿದ್ರೆ ತಿರಸ್ಕಾರ ಆಗುತ್ತೆ. ಪೂರ್ತಿ ಕೆಲಸ ಸಿಕ್ಕಿ ಎರಡು ಮೂರು ವರ್ಷ ಆದ್ಮೇಲೆ ಬರೋಕೆ ಹೇಳು ನಿಮ್ಮ ತಂದೆಗೆ. ಪಾಸಾದ ಕಾಗದ ಎಲ್ಲೂ ಹೋಗಲ್ಲ.”

ಬೋಟಿನಲ್ಲಿದ್ದಾಗ ದುಡಿಮೆ ಇತ್ತು, ಪಾಸಾದ ಕಾಗದ ಇರಲಿಲ್ಲ. ಕಾಗದ ಬಂದಾಗ ದುಡಿಮೆ ಹೋಗಿತ್ತು. ಶಾಹಿನಾಜ್ ಅಲ್ಲೇ ಗುಮಾಸ್ತೆಯ ಮೇಲೆ ಕೂಗಾಡಿದಳು. ಅಪ್ಪ ಮಗಳ ಭುಜ ಹಿಡಿದು ಹೊರಗೆ ಕರೆತಂದರು. ಅವಳು ಏನೆಂದು ಕೂಗಿದಳು ಎನ್ನುವುದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಅವಳೂ ಹೇಳಿಲ್ಲ.

ಪಾಸಾದ ಪತ್ರಕ್ಕೆ ಚೌಕಟ್ಟು ಹಾಕಿಸಬೇಕೆಂದು ನಗಾತ್‌ಗೆ ಆಸೆ. ಮೆತ್ವಲಿ ಬೇಡವೆಂದು ಬಟ್ಟೆಯ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಾರೆ. “ಗೋಡೆ ಬಾಡಿಗೆದು. ಮೊಳೆ ಹೊಡೆಯೋ ಹಾಗಿಲ್ಲ.”

ಐಸ್ ಫ್ಯಾಕ್ಟರಿಯ ಕೆಲಸ ಮುಗಿಯುವುದು ಬೆಳಗ್ಗೆ ಒಂಬತ್ತಕ್ಕೆ. ಅಷ್ಟರಲ್ಲಿ ಆರರಿಂದ ಎಂಟು ಟನ್ ಮಂಜುಗಡ್ಡೆ ಅವರ ಹೆಗಲ ಮೇಲಿಂದ ಇಳಿದಿರುತ್ತದೆ. ಉಳಿದ ದಿನವೆಲ್ಲ ಇನ್ನೊಂದು ಕೆಲಸ ಹುಡುಕುತ್ತಾ ಅಲೆಯುತ್ತಾರೆ. ಬೋಟು ರಿಪೇರಿಯ ಕಡೆ ಹೋದರೆ ಕೈಕೆಲಸ ನೋಡಿ ‘ಬಾ’ ಎನ್ನುತ್ತಾರೆ, ಕರೆದಾಗ ತಿರುಗದಿದ್ದುದನ್ನು ನೋಡಿ ‘ಬೇಡ’ ಎನ್ನುತ್ತಾರೆ. ಕೆಲವು ದಿನ ಕಟ್ಟೆಯ ಮೇಲೆ ಸುಮ್ಮನೆ ಕೂತು, ಕೊಲ್ಲಿಯ ಆಚೆ ಒಲಿಂಪಸ್ ಬೆಟ್ಟದ ಮೇಲೆ ಮೋಡ ಇಳಿಯುವುದನ್ನು ನೋಡುತ್ತಾರೆ. ಒಂದು ಸಲ ಹೀಗೆ ಕೂತವರು ಸಂಜೆಯಾದರೂ ಏಳಲಿಲ್ಲ. ನಗಾತ್ ಬಂದು ಕರೆದುಕೊಂಡು ಹೋದರು.

ಭಾನುವಾರ ಮಾತ್ರ ಬೇರೆ. ಆ ದಿನ ಫೊತಿನಿಯಮ್ಮನ ಶೆಡ್ಡಿನಲ್ಲಿ ಆರು ಜನ ಸೇರುತ್ತಾರೆ. ಐವರು ಮೆತ್ವಲಿಯ ಊರಿನ ಕಡೆಯವರು, ಒಬ್ಬಳು ಮುದುಕರನ್ನು ನೋಡಿಕೊಳ್ಳುವ ಜಾರ್ಜಿಯಾದ ಹೆಂಗಸು. ಬರುವ ನವೆಂಬರಿನಲ್ಲಿ ಎಲ್ಲರಿಗೂ ಪರೀಕ್ಷೆ. ಮೇಷ್ಟ್ರು ಮೆತ್ವಲಿ. ಬಾಯಲ್ಲಿ ಉತ್ತರ ಹೇಳಿದರೆ ಮೇಷ್ಟ್ರಿಗೆ ಕೇಳುವುದಿಲ್ಲ. ಅದಕ್ಕೆ ಎಲ್ಲರೂ ಮೀನಿನ ಬಿಳಿ ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದು ಎತ್ತಿ ತೋರಿಸಬೇಕು. ಕಾಗುಣಿತ ತಪ್ಪಿದರೆ ಅಳಿಸಿ ಮತ್ತೆ.

“ನಾನು ಎಂಜಿನ್ ಹಿಡಿದೋನು ಮಾರಾಯ, ನಂಗ್ಯಾಕೆ ಈ ರಾಜರ ಇಸವಿ,” ಎಂದು ಅತಿಯಾ ಗೊಣಗುತ್ತಾನೆ. ಮೇಷ್ಟ್ರು ಅವನ ತುಟಿ ನೋಡುತ್ತಾರೆ. “ಬೈತಿದ್ದೀಯಾ? ಅದನ್ನೂ ಗ್ರೀಕ್‌ನಲ್ಲೇ ಬರೆದು ತೋರಿಸು.” ಬಲೆಯ ಹಿಂದಿನಿಂದ ಫೊತಿನಿಯಮ್ಮನ ನಗು ಶೆಡ್ಡಿನ ತಗಡನ್ನು ನಡುಗಿಸುತ್ತದೆ.

ಅತಿಯಾನ ಮೊಣಕಾಲ ಪಕ್ಕ ಕಿತ್ತಳೆ ಬಣ್ಣದ ಹೊಸ ಕಿವಿಮುಚ್ಚಳಗಳು. ಮೆತ್ವಲಿಯೇ ತಂದುಕೊಟ್ಟದ್ದು. ಹಾಕಿಕೊಳ್ಳುತ್ತಾನೋ ಇಲ್ಲವೋ ಎಂದು ಪ್ರತಿ ದಿನ ಬೆಳಗ್ಗೆ ಐಸ್ ಹಾಕುವಾಗ ನೋಡುತ್ತಾರಂತೆ. “ಅರ್ಧ ದಿನ ಹಾಕ್ತಾನೆ. ಅರ್ಧ ದಿನ ಬೆಲ್ಟಿನ ಚಿಂತೆ ಅವನಿಗೂ.”

ಪಾಠ ಮುಗಿದು ಎಲ್ಲರೂ ಹೋಗುತ್ತಾರೆ. ಮೆತ್ವಲಿ ಮೀನು ಪೆಟ್ಟಿಗೆಯ ಮುಚ್ಚಳಗಳನ್ನು ಒಂದೊಂದಾಗಿ ಒರೆಸಿ ಜೋಡಿಸಿಡುತ್ತಾರೆ. ಎರಡು ಮೂರು ವರ್ಷ ಎಂದರೆ ಬಹಳ ದಿನ. ಅಷ್ಟರಲ್ಲಿ ಕಲಿತದ್ದೆಲ್ಲ ಮರೆತುಹೋದೀತು ಎನ್ನುವ ಭಯವಿಲ್ಲವೇ ಎಂದು ಎದುರಿಗೆ ನಿಂತು ಕೇಳಿದರೆ, ಅವರಿಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

“ಒಂದೂ ಮರೆತಿಲ್ಲ. ಬೇಕಾದ್ರೆ ಯಾವುದಾದ್ರೂ ಕೇಳಿ ನೋಡಿ,” ಎನ್ನುತ್ತಾರೆ. “ಸ್ವಲ್ಪ ಜೋರಾಗಿ ಕೇಳಿ. ನನಗೆ ಕಿವಿ ಕೇಳಲ್ಲ.”